ವಾಸನೆ ಬಂದವರು ಕೂಗಿ

ನನ್ನ ಗಂಡ ಎಜಿದಿಯೊನ ಮೂಗು ಸತ್ತಿದೆ ಅಂತ ನನಗೆ ಗೊತ್ತಾಗಿದ್ದು ಸಾಸೇಜಿನಿಂದ. ಎಟ್ನಾ ಜ್ವಾಲಾಮುಖಿಯ ಬುಡದ ಲಿಂಗ್ವಾಗ್ಲೋಸ್ಸಾದಲ್ಲಿ ನನ್ನದು ಮಾಂಸದಂಗಡಿ. ಕಾಡುಸೋಂಪು ಹಾಕಿದ ನನ್ನ ಸಾಸೇಜಿಗೆ ಕತಾನಿಯಾದಿಂದಲೂ ಜನ ಬರುತ್ತಾರೆ. ಅಕ್ಟೋಬರಿನ ಜ್ವರ ಬಿಟ್ಟ ಮೇಲೆ ಈ ಮನುಷ್ಯ ಊಟವನ್ನು ಯಾರದೋ ಬಲವಂತಕ್ಕೆ ಅನ್ನುವಂತೆ ಮುಗಿಸಿ ಏಳುತ್ತಿದ್ದ. ಅನುಮಾನ ಬಂದು ಒಂದು ದಿನ ಸೋಂಪೇ ಹಾಕದೆ ಸುಟ್ಟು ಕೊಟ್ಟೆ. "ಇವತ್ತು ಸೋಂಪು ಚೆನ್ನಾಗಿ ಹಿಡಿದಿದೆ ವೆನೆರಾ" ಅಂದ.

ಬೇರೆ ಕಸುಬಿನವನಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಇವನು ಗೈಡ್. ಚಳಿಗಾಲದಲ್ಲಿ ಎಟ್ನಾದ ಬಾಯಿಯ ತನಕ ಜನರನ್ನು ಹತ್ತಿಸಿ, ಸುರಕ್ಷಿತವಾಗಿ ಇಳಿಸುವುದು ಇವನ ಕೆಲಸ. ಎಟ್ನಾ ನಮಗೆ ಹೆಣ್ಣು, ಮೈತುಂಬ ಹಿಮ ಹೊದ್ದರೂ ಅವಳ ಹೊಟ್ಟೆಯ ಬೆಂಕಿ ಆರುವುದಿಲ್ಲ. ಅವಳು ವಿಷದ ಹೊಗೆಯನ್ನು ನಮ್ಮ ಕಡೆ ತಿರುಗಿಸಿದಳೆಂದರೆ ಅದು ಮೊದಲು ಮೂಗಿಗೆ ಗೊತ್ತಾಗುತ್ತದೆ, ಆಮೇಲೆ ಗಂಟಲಿಗೆ, ಕೊನೆಗೆ ಎದೆಗೆ. ಎದೆಗೆ ಗೊತ್ತಾಗುವ ಹೊತ್ತಿಗೆ ಕಾಲು ಹೇಳಿದ ಮಾತು ಕೇಳುವುದಿಲ್ಲ.

ತೆಕ್ಲಾ ಅಕ್ಕನಿಗೆ ಹೇಳಿಬಿಡು ಅಂತ ಒಮ್ಮೆ ಹೇಳಿ ನೋಡಿದೆ. ಬೆಟ್ಟದ ಈ ಮಗ್ಗುಲಿನ ಗೈಡುಗಳಿಗೆಲ್ಲ ಆಕೆಯೇ ಹಿರಿಯಳು. ಅನಿಲ ಅಳೆಯುವ ಯಂತ್ರ ಎದೆಯ ಮೇಲೆ ನೇತಾಡುತ್ತಿರುತ್ತಲ್ಲ, ಅದು ಕೂಗುತ್ತೆ ಬಿಡು ಅಂದ. ಚಳಿಗೆ ಅದರ ಬ್ಯಾಟರಿ ಸತ್ತರೆ ಅಂತ ಕೇಳಿದ್ದಕ್ಕೆ ಕಂಬಳಿ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ. ಅವನ ಅಪ್ಪ ಗೈಡ್, ಅಜ್ಜ ಗೈಡ್. ಆ ಕೆಲಸ ಕೈತಪ್ಪಿದರೆ ನನ್ನ ಅಂಗಡಿಯಲ್ಲಿ ಮೂಳೆ ಕಡಿಯುತ್ತ ನಿಲ್ಲಬೇಕು. ಅವನಿಗೆ ಅದೆಷ್ಟು ಕಷ್ಟ ಅಂತ ನನಗೂ ಗೊತ್ತಿತ್ತು, ಅದಕ್ಕೇ ಮತ್ತೆ ಬಾಯಿ ತೆಗೆಯಲಿಲ್ಲ.

ಫೆಬ್ರವರಿಯಲ್ಲಿ ಮೆಸ್ಸೀನಾದಿಂದ ನಾಲ್ವರು ಬಂದರು. ಮೂವರು ಅಣ್ಣಂದಿರು, ಮೂವರದೂ ಮಾರುಕಟ್ಟೆಗೆ ಕೇಳಿಸುವಂಥ ಗಂಟಲು. ಅವರ ಜೊತೆ ತಂಗಿ ಒರ್ತೆನ್ಸಿಯಾ. ಆಕೆ ನೀರು ಕೇಳಬೇಕಾದರೂ ಮೊದಲು ಕ್ಷಮೆ ಕೇಳುವ ಪೈಕಿ. ಹತ್ತುವ ಹಿಂದಿನ ದಿನ ಕಾಡು ಮುಗಿಯುವ ಇಳಿಜಾರಿನಲ್ಲಿ ತಾಲೀಮು ಇಟ್ಟುಕೊಂಡಿದ್ದರು. ಬುತ್ತಿ ಕೊಡುವ ನೆಪದಲ್ಲಿ ನಾನೂ ಹೋದೆ.

ಕಲಿಸುವುದರಲ್ಲಿ ಎಜಿದಿಯೊನನ್ನು ಮೀರಿಸುವವರಿಲ್ಲ, ನನ್ನ ಗಂಡನೆಂದು ಹೇಳುತ್ತಿಲ್ಲ. ಬೂಟಿಗೆ ಉಕ್ಕಿನ ಮುಳ್ಳು ಕಟ್ಟಿಸಿ, ಕಾಲು ಅಗಲಿಸಿ ನಡೆಯಲು ಹೇಳಿಕೊಟ್ಟ. ಜಾರಿದರೆ ಬೋರಲಾಗಿ, ಹಿಮಗೊಡಲಿಯ ಮೊನೆಯನ್ನು ಹಿಮಕ್ಕೆ ಊರಿ, ಎದೆಯ ಭಾರವೆಲ್ಲ ಅದರ ಮೇಲೆ ಹಾಕಬೇಕು. ಪಾದ ಮಾತ್ರ ಮೇಲೆತ್ತಿರಬೇಕು, ಇಲ್ಲದಿದ್ದರೆ ಮುಳ್ಳು ಸಿಕ್ಕಿ ಪಲ್ಟಿ ಹೊಡೆಯುತ್ತೀರಿ ಅಂದ. ಒಬ್ಬೊಬ್ಬರನ್ನೂ ಬೇಕೆಂದೇ ಜಾರಿಸಿದ. ಹಿಮದ ನಡುವೆ ಕಪ್ಪು ನೆಲ ಕಂಡರೆ ಅಲ್ಲಿ ಕೂರುವ ಆಸೆ ಬೇಡ, ಕೆಳಗೆ ಬಿಸಿಯಿದೆ, ಸುತ್ತಲಿನ ಹಿಮ ಪೊಳ್ಳಾಗಿರುತ್ತೆ ಅಂತಲೂ ಹೇಳಿದ. ಅಲ್ಲಿಯ ತನಕ ಎಲ್ಲ ಸರಿಯಿತ್ತು.

ಅನಿಲದ ಮಾತು ಬಂದಾಗ ಮಾತ್ರ ಅವನು ಅಪ್ಪನ ಕಾಲದ ಪಾಠವನ್ನೇ ಒಪ್ಪಿಸಿದ. "ವಾಸನೆಯ ಚಿಂತೆ ನಿಮಗೆ ಬೇಡ, ಅದು ನನ್ನ ಕೆಲಸ. ನೀವು ನನ್ನ ಮುಖ ನೋಡ್ತಾ ಇರಿ. ನಾನು ಆರಾಮಾಗಿದ್ರೆ ನೀವೂ ಆರಾಮಾಗಿರಿ."

ನನಗೆ ಪಿತ್ತ ನೆತ್ತಿಗೇರಿತು. ಅಷ್ಟರಲ್ಲಿ ಗಾಳಿ ತಿರುಗಿತು. ಮೇಲಿನಿಂದ ಗಂಧಕದ ವಾಸನೆ, ಗೀರಿದ ಬೆಂಕಿಕಡ್ಡಿಯ ಘಾಟು, ಎಲ್ಲರ ಮೂಗಿಗೂ ಬಂತು. ಅಷ್ಟು ಕೆಳಗೆ ಅದರಿಂದ ಯಾರಿಗೂ ಏನೂ ಆಗುವುದಿಲ್ಲ, ನಿಜ. ಆದರೆ ನಾನು ಕಂಡದ್ದು ಬೇರೆ. ದೊಡ್ಡಣ್ಣ ಮೂಗು ಸೊಟ್ಟ ಮಾಡಿ ಎಜಿದಿಯೊನ ಮುಖ ನೋಡಿದ. ಉಳಿದಿಬ್ಬರೂ ನೋಡಿದರು. ಒರ್ತೆನ್ಸಿಯಾ ಕರವಸ್ತ್ರ ಹಿಡಿದುಕೊಂಡು ನೋಡಿದಳು. ಎಜಿದಿಯೊ ಆರಾಮಾಗಿ ಹಗ್ಗದ ಗಂಟಿನ ಬಗ್ಗೆ ಹೇಳುತ್ತಲೇ ಇದ್ದ. ಅವನ ಆರಾಮು ನೋಡಿ ನಾಲ್ವರೂ ಆರಾಮಾದರು. ನಾಳೆ ಮೇಲೆಯೂ ಹೀಗೇ ನಿಂತಿರುತ್ತಾರೆ ಅಂತ ಅನ್ನಿಸಿತು. ತಾಲೀಮಿಗೆ ಯಾಕೆ ಅಂತ ಯಂತ್ರವನ್ನು ಜೀಪಿನಲ್ಲೇ ಬಿಟ್ಟು ಬಂದಿದ್ದ.

"ಎಜಿದಿಯೊ, ಈಗ ಏನು ವಾಸನೆ ಬರ್ತಿದೆ ಹೇಳು" ಅಂದೆ.

ಅವನು ನನ್ನನ್ನು ದುರುಗುಟ್ಟಿ ನೋಡಿ, ಮೂಗೆಳೆದು, "ಪೈನ್ ಮರದ್ದು" ಅಂದ.

ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಕೊನೆಗೆ ಒರ್ತೆನ್ಸಿಯಾಳ ಕರವಸ್ತ್ರ ಕಂಡಿತು. ಹಗ್ಗ ಕೆಳಗಿಟ್ಟ. "ನನಗೆ ಏನೂ ಬರ್ತಿಲ್ಲ. ಅಕ್ಟೋಬರಿಂದ ಬರ್ತಿಲ್ಲ" ಅಂದ.

ದೊಡ್ಡಣ್ಣ ಕೆಂಡವಾದ. ಜೀವ ನಿಮ್ಮ ಕೈಗೆ ಕೊಟ್ಟಿದ್ದೆವಲ್ಲ ಅಂತ ಕಾಡೆಲ್ಲ ಕೇಳುವ ಹಾಗೆ ಬೈದ. ಎಜಿದಿಯೊ ಅಲ್ಲಿಂದಲೇ ತೆಕ್ಲಾ ಅಕ್ಕನಿಗೆ ಫೋನು ಮಾಡಿ ಒಂದೂ ಮುಚ್ಚಿಡದೆ ಹೇಳಿದ. ಆಕೆ ಬೈದದ್ದು ನನಗೂ ಕೇಳಿಸುತ್ತಿತ್ತು. ನಾಳೆ ಮುಂದೆ ನಾನಿರುತ್ತೇನೆ, ನೀನು ಸಾಲಿನ ಬಾಲದಲ್ಲಿ ಬಾ, ಉಳಿದದ್ದು ಡಾಕ್ಟರು ನೋಡಿದ ಮೇಲೆ ಅಂತ ಫೋನಿಟ್ಟಳು. ಮುಂದೆ ನಡೆಯುವ ಮನೆತನದವನು ಬಾಲಕ್ಕೆ ಬಂದ. ಮುಖ ಬೂದಿಯಾಗಿತ್ತು. ಆದರೂ ಬಿಟ್ಟು ಹೋಗಲಿಲ್ಲ.

"ನಿಮಗೆಲ್ಲ ವಾಸನೆ ಬಂದಿತ್ತು. ಯಾಕೆ ಒಬ್ರೂ ಹೇಳ್ಲಿಲ್ಲ?" ಅಂತ ಕೇಳಿದ.

"ಕ್ಷಮಿಸಿ" ಅಂದಳು ಒರ್ತೆನ್ಸಿಯಾ, "ನೀವೇ ಹೇಳಿದ್ರಲ್ಲ, ನಿಮ್ಮ ಮುಖ ನೋಡಿ ಅಂತ."

ಬೈಗಳಿಗೆ ಬಗ್ಗದವನು ಆ ಮಾತಿಗೆ ತಲೆ ಬಗ್ಗಿಸಿದ. ಆಮೇಲೆ ಯಾವ ಗೈಡೂ ಕಲಿಸದ ತಾಲೀಮು ಶುರು ಮಾಡಿದ. ವಾಸನೆ ಬಂದವರು ಕೂಗಬೇಕು. ಯಾರೇ ಕೂಗಿದರೂ ಎಲ್ಲರೂ ಇಳಿಯಬೇಕು, ಎದುರು ಮಾತಿಲ್ಲ. ಅಣ್ಣಂದಿರಿಗೆ ಕೂಗುವುದು ನೀರು ಕುಡಿದಷ್ಟು ಸುಲಭ. ಒರ್ತೆನ್ಸಿಯಾ ಮಾತ್ರ "ಕ್ಷಮಿಸಿ, ತೊಂದರೆ ಇಲ್ಲ ಅಂದ್ರೆ..." ಅಂತ ಶುರು ಮಾಡುವಳು. ನೀವು ಕ್ಷಮೆ ಕೇಳಿ ಮುಗಿಸೋದ್ರೊಳಗೆ ನಾವು ಕೆಮ್ಮಿ ಮುಗಿಸಿರ್ತೀವಿ ಅಂತ ಎಜಿದಿಯೊ ಛೇಡಿಸಿದ. ಮತ್ತೆ ಮತ್ತೆ ಕೂಗಿಸಿದ. ಕೊನೆಗೆ ಆಕೆಗೆ ಸಿಟ್ಟು ಬಂದು "ಇಳೀರಿ" ಅಂತ ಕಿರುಚಿದಾಗ, ಎಜಿದಿಯೊ ಅರ್ಧಕ್ಕೇ ಮಾತು ನಿಲ್ಲಿಸಿ ತಿರುಗಿ ಇಳಿದೇಬಿಟ್ಟ. ದೊಡ್ಡಣ್ಣನೂ ನಕ್ಕ. ನಾಳೆ ಬರುತ್ತೇವೆ ಅಂದ.

ಮರುದಿನ ನಾನು ಅಂಗಡಿಯಲ್ಲಿ ಕತ್ತಿ ಹಿಡಿದಿದ್ದೆನೇ ಹೊರತು ಮನಸ್ಸೆಲ್ಲ ಮೇಲೇ ಇತ್ತು. ನಡೆದದ್ದನ್ನು ಆಮೇಲೆ ತೆಕ್ಲಾ ಅಕ್ಕ ಹೇಳಿದಳು. ಬಾಯಿಯ ಅಂಚು ಕಣ್ಣಿಗೆ ಕಾಣುತ್ತಿತ್ತಂತೆ. ಗಾಳಿ ಪಕ್ಕದ ಹೊಗೆಯುಗುಳುವ ಸಣ್ಣ ಬಿರುಕಿನ ಕಡೆಯಿಂದ, ಹಿಂದಿನಿಂದ ಬೀಸಿತು. ಮುಂದಿದ್ದ ಆಕೆಗೆ ಇನ್ನೂ ಏನೂ ಬಂದಿರಲಿಲ್ಲ, ಯಂತ್ರವೂ ಕೂಗಿರಲಿಲ್ಲ. ಎಜಿದಿಯೊನ ಮುಂದೆಯೇ ನಡೆಯುತ್ತಿದ್ದ ಒರ್ತೆನ್ಸಿಯಾ ಕ್ಷಮೆ ಕೇಳದೆ ಕೂಗಿದಳು. ಇನ್ನೇನು ಬಂದೇಬಿಟ್ಟೆವಲ್ಲ ಅಂತ ಅಣ್ಣಂದಿರು ಗೊಣಗಿದರು. ಎಜಿದಿಯೊ ಆಗಲೇ ತಿರುಗಿ ನಿಂತಿದ್ದ. ಬಾಲ ತಲೆಯಾಗಿ, ಬಿರುಕಿನ ಮಗ್ಗುಲು ಬಿಟ್ಟು, ಸಾಲು ಇಳಿಯಿತು. ಕೆಳಗಿನ ದಿಬ್ಬದಿಂದ ತಿರುಗಿ ನೋಡಿದರೆ, ಅವರು ನಿಲ್ಲಬೇಕಿದ್ದ ಜಾಗದ ತುಂಬ ಹೊಗೆ ಮಲಗಿತ್ತು. ಆ ಕೂಗುವ ತಾಲೀಮನ್ನು ಇನ್ನು ಎಲ್ಲ ಗೈಡುಗಳಿಗೂ ನಿನ್ನ ಗಂಡನೇ ಕಲಿಸಲಿ ಅಂದಳು ತೆಕ್ಲಾ ಅಕ್ಕ.

ಸಂಜೆ ಅವನು ಬಂದಾಗ ಬಿಸಿಲಿಗೆ ಸುಟ್ಟ ಮುಖ ಅರಳಿತ್ತು. ಬೂಟು ಬಿಚ್ಚುತ್ತ, "ಒಬ್ಬ ಹೆಂಗಸು ಕೂಗಿ ನಮ್ಮನ್ನೆಲ್ಲ ಇಳಿಸಿಬಿಟ್ಲು ವೆನೆರಾ" ಅಂತ ಹೆಮ್ಮೆಯಿಂದ ಹೇಳಿದ.

"ಇಪ್ಪತ್ತು ವರ್ಷದಿಂದ ನಾನು ಕೂಗ್ತಿದೀನಿ. ಒಂದಿನಾನೂ ಇಳೀಲಿಲ್ಲವಲ್ಲ ನೀನು" ಅಂದೆ.

ಅವನು ಬೂಟಿನಿಂದ ತಲೆ ಎತ್ತಲಿಲ್ಲ.

"ನಿನ್ನೆ ನಿನ್ನ ಮಾತಿಗೆ ಬಾಲಕ್ಕೇ ಇಳಿದೆನಲ್ಲೇ" ಅಂದ.