ಜೂರಾಕಾನಳ ಹಾಡಿಗೆ ಸೇರಿದ ಹೆಸರು

ಜೂರಾಕಾನ್ ಸಾವಿನ ಮನೆಯಲ್ಲಿ ಹಾಡಲು ಕೂತಳೆಂದರೆ ಬದುಕಿರುವವರಿಗೆ ಭಯ. ಸತ್ತವರನ್ನು ಬಾಯ್ತುಂಬ ಹೊಗಳುತ್ತಿದ್ದಳು ನಿಜ, ಆದರೆ ಆ ಸಾವಿಗೆ ಕಾರಣರಾದವರ ಹೆಸರನ್ನೂ ಬಿಡುತ್ತಿರಲಿಲ್ಲ. ಕುಡಿದು ಲಾರಿ ಓಡಿಸಿ ಒಬ್ಬಳನ್ನು ಕೊಂದ ಎಸೆನ್ ಜೈಲು ಮುಗಿಸಿ ಬಂದು, ಮುದುಕನಾಗಿ ಸತ್ತೂ ಹೋದ. ಅವನ ಮೊಮ್ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಇವತ್ತಿಗೂ ಆ ಹಾಡನ್ನು ನೆನೆದು ಚಹಾ ಕುಡಿದು ಎದ್ದು ಹೋಗುತ್ತಾರೆ. ನಮ್ಮ ಕಿರ್ಗಿಜ್ ಕಣಿವೆಯಲ್ಲಿ ಕೋರ್ಟಿನ ತೀರ್ಪು ಯಾರಿಗೂ ನೆನಪಿರುವುದಿಲ್ಲ, ಜೂರಾಕಾನಳ ಸಾಲು ಮಾತ್ರ ಎಲ್ಲರಿಗೂ ಬಾಯಿಪಾಠ.

ಈ ಸಲ ಸತ್ತವನು ಅವಳ ಒಡಹುಟ್ಟಿದ ತಮ್ಮ, ಕುದುರೆ ಕಾಯುವ ಮಾಮಿತ್. ಹೊಟ್ಟೆನೋವೆಂದು ಪೇಟೆಯ ಆಸ್ಪತ್ರೆಗೆ ತಾನೇ ಕುದುರೆ ಏರಿ ಹೋಗಿದ್ದ. ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಕೊಟ್ಟ ಪೆನ್ಸಿಲಿನ್ ಇಂಜೆಕ್ಷನ್ ಅವನ ಮೈಗೆ ಆಗಲಿಲ್ಲ. ಮುಖ ಊದಿಕೊಂಡಿತು, ಉಸಿರು ಕಟ್ಟಿತು, ಅಕ್ಕನಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಸ್ಪತ್ರೆಯ ಮುಖ್ಯಸ್ಥ ಖುದ್ದಾಗಿ ಮನೆಗೆ ಬಂದು, ನರ್ಸ್ ಜಿಪಾರ್ ಏನೂ ವಿಚಾರಿಸದೆ ಚುಚ್ಚಿಬಿಟ್ಟಳೆಂದು ಹೇಳಿ ಕೈ ತೊಳೆದುಕೊಂಡ.

ಜಿಪಾರ್ ಜೂರಾಕಾನಳ ಊರಿನದೇ ಹುಡುಗಿ. ಹೋದ ತಿಂಗಳಷ್ಟೇ ಭಾವೀ ಅತ್ತೆ ಬಂದು ಅವಳ ಕಿವಿಗೆ ನಿಶ್ಚಯದ ಓಲೆ ತೊಡಿಸಿ ಹೋಗಿದ್ದಳು. ಜೂರಾಕಾನಳ ಹಾಡಿನಲ್ಲಿ ಹೆಸರು ಬಂದರೆ ಆ ಓಲೆ ಕಿವಿಯಲ್ಲಿ ಉಳಿಯುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು. ಜೂರಾಕಾನಳಿಗೂ ಗೊತ್ತಿತ್ತು. ಗೊತ್ತಿದ್ದೇ ಅವಳು ಸಾಲು ಕಟ್ಟಿಕೊಂಡು ಕೂತಿದ್ದಳು.

ಅಂಗಳದಲ್ಲಿ ಉಣ್ಣೆಯ ಗುಡಾರ ಎದ್ದಿತ್ತು. ಅದರ ಬಾಗಿಲ ಹೊರಗೆ ಚಹಾ ಕಾಯಿಸುವ ದೊಡ್ಡ ಸಮೋವರ್ ಹೊಗೆಯಾಡುತ್ತಿತ್ತು. ಒಳಗೆ ಪರದೆಯ ಹಿಂದೆ ಮಾಮಿತ್ ಮಲಗಿದ್ದ. ಹೆಂಗಸರು ಬಾಗಿಲಿಗೆ ಬೆನ್ನು ಮಾಡಿ ಕೂತು ಅಳುತ್ತಿದ್ದರು. ಅಷ್ಟರಲ್ಲಿ ಗೇಟಿನಿಂದಲೇ ಜೋರಾಗಿ ಅಳುತ್ತ ಯಾರೋ ಬಂದರು. ನೋಡಿದರೆ ಡಾಕ್ಟರ್ ದಾಮಿರಾ, ಮಾಮಿತ್‌ಗೆ ಆಪರೇಷನ್ ಮಾಡಿದವಳು. ಕಣಿವೆಯ ಅರ್ಧ ಜನರ ಹೊಟ್ಟೆಯ ಮೇಲೆ ಅವಳ ಹೊಲಿಗೆಯಿದೆ. ಜೂರಾಕಾನಳ ಮಗನನ್ನು ಉಳಿಸಿಕೊಟ್ಟವಳೂ ಅವಳೇ. ಜೂರಾಕಾನ್ ಎದ್ದು ಎರಡೂ ತೋಳು ಚಾಚಿದಳು.

"ತಬ್ಕೋಬೇಡ ಅಕ್ಕಾ. ಮೊದ್ಲು ನನ್ ಮಾತು ಕೇಳು."

"ಅತ್ಕೊಂಡು ಬಂದೋರ್ನ ತಬ್ಕೊಳ್ದೆ ಇರಕ್ಕಾಗತ್ತೇನೆ? ಬಾ."

"ಮಾಮಿತ್ ನಂಗೆ ಹೇಳಿದ್ದ," ಎಂದಳು ದಾಮಿರಾ, ಗುಡಾರಕ್ಕೆಲ್ಲ ಕೇಳುವಂತೆ. "'ಚಿಕ್ಕೋನಿದ್ದಾಗ ಪೆನ್ಸಿಲಿನ್ ಕೊಟ್ಟಿದ್ರು ಡಾಕ್ಟ್ರೇ, ಮುಖ ಕುಂಬಳಕಾಯಿ ಆಗಿತ್ತು, ನನ್ ಕುದುರೇನೂ ನನ್ನ ಗುರ್ತು ಹಿಡೀಲಿಲ್ಲ' ಅಂದ. ಅವನೂ ನಕ್ಕ, ನಾನೂ ನಕ್ಕೆ. ಬರ್ಕೊಳೋದು ಮರ್ತೆ. ಮಾರನೇ ದಿನ ಅದೇ ಇಂಜೆಕ್ಷನ್ ನಾನೇ ಬರ್ದೆ. ಜಿಪಾರ್ ಕೇಳಿದ್ಲು ಅಕ್ಕಾ, 'ಇವ್ರಿಗೆ ಆಗತ್ತಾ, ವಿಚಾರಿಸ್ಲಾ' ಅಂತ. 'ವಿಚಾರ್ಸಾಗಿದೆ, ಕೊಡು' ಅಂದೋಳು ನಾನು."

ಅಳು ನಿಂತೇಹೋಯಿತು.

"ಹಂಗಾದ್ರೆ ನಿಮ್ ಆಸ್ಪತ್ರೆ ದೊಡ್ಡೋನು ಆ ಹುಡುಗಿ ಹೆಸ್ರು ಯಾಕೆ ಹೇಳ್ದ?" ಎಂದಳು ಜೂರಾಕಾನ್.

"ನರ್ಸ್ ಹೋದ್ರೆ ಇನ್ನೊಬ್ಳು ಸಿಗ್ತಾಳಂತೆ. ನಾನು ಹೋದ್ರೆ ಇಲ್ಲಿ ಆಪರೇಷನ್ ಮಾಡೋರು ಯಾರೂ ಇಲ್ವಂತೆ."

ಮೂಲೆಯಿಂದ ಮುದುಕಿಯೊಬ್ಬಳು ಗೊಣಗಿದಳು. "ನಿಜಾನೇ ಅಲ್ವಾ ಮಗ್ಳೇ? ಸುಮ್ನಿರಬಾರ್ದಿತ್ತಾ? ನಾಳೆ ನಮ್ ಗತಿ ಏನು?"

"ಪೊಲೀಸ್ರಿಗೆ ಎಲ್ಲಾ ಹೇಳಿ ಬಂದಿದೀನಿ ಅಜ್ಜಿ," ಎಂದು ದಾಮಿರಾ ಜೂರಾಕಾನಳ ಕಡೆ ತಿರುಗಿದಳು. "ನೀನು ಹಾಡ್ತೀಯ ಅಂತ ಗೊತ್ತು. ಹಾಡು. ನನ್ ಹೆಸ್ರು ಹಾಕು."

ಜೂರಾಕಾನಳ ಮೈಯೆಲ್ಲ ಉರಿಯಿತು. ಇವಳ ಜುಟ್ಟು ಹಿಡಿದು ಅಂಗಳಕ್ಕೆ ಎಳೆಯಬೇಕೆನಿಸಿತು. ಮಗನನ್ನು ಉಳಿಸಿದ ಕೈಯೇ ತಮ್ಮನನ್ನು ತಿಂದುಹಾಕಿತಲ್ಲ! ಆದರೆ ಒಂದು ಮಾತು ಅವಳನ್ನು ತಡೆಯಿತು. ಇಷ್ಟು ವರ್ಷದ ಹಾಡಿಕೆಯಲ್ಲಿ ಬೆಣ್ಣೆ ಹೊತ್ತು ಬಂದವರಿದ್ದರು, ಕುರಿ ಹೊಡೆದುಕೊಂಡು ಬಂದವರಿದ್ದರು, ಕಾಲಿಗೆ ಬಿದ್ದವರಿದ್ದರು. ಎಲ್ಲರೂ ಬೇಡಿದ್ದು ಹೆಸರು ಬಿಡು ಎಂದು. ಹಾಕು ಎಂದು ಕೇಳಿಕೊಂಡು ಬಂದವಳು ಇವಳೊಬ್ಬಳೇ.

ಜೂರಾಕಾನ್ ದಾಮಿರಾಳನ್ನು ತಬ್ಬಿದಳು. ಬಿಡದೆ ಹಾಗೆಯೇ ಪಕ್ಕಕ್ಕೆ ಕೂರಿಸಿಕೊಂಡು ಹಾಡಿದಳು:

ನಗುತ ನಗುತ ಹೇಳಿದೆಯಲ್ಲೋ ತಮ್ಮಾ,
ನಕ್ಕು ನಿನ್ನ ಮಾತ ಮರೆತಳೋ ದಾಮಿರಾ.
ಬರೆಯದ ಕೈಯೇ ನಿನ್ನ ಕೊಂದಿತೋ ತಮ್ಮಾ,
ಬಚ್ಚಿಡದೆ ಬಂದು ನುಡಿದಳೋ ದಾಮಿರಾ.

ಒಂದು ಅಕ್ಷರವನ್ನೂ ಮೆದು ಮಾಡಲಿಲ್ಲ. ಮೂರನೆಯ ಸಾಲಿಗೆ ದಾಮಿರಾ ಮುಖ ಮುಚ್ಚಿಕೊಂಡು ಬಿಕ್ಕಿದಳು. ನಾಲ್ಕನೆಯದಕ್ಕೆ ಉಳಿದ ಹೆಂಗಸರೂ ಬಿಕ್ಕಿದರು.

ಹಾಡು ಮುಗಿಸಿ ಜೂರಾಕಾನ್ ಬಾಗಿಲ ಕಡೆ ಕೂಗಿದಳು. "ಲೇ ಜಿಪಾರ್, ಸಮೋವರ್ ಹಿಂದೆ ಯಾಕೆ ಅಡಗಿದೀಯೇ? ಒಳಗ್ ಬಂದು ನನ್ ತಮ್ಮಂಗೆ ಅಳು. ಶಾಲು ಸರಿಸ್ಕೊ, ನಿನ್ ಓಲೆ ಎಲ್ರಿಗೂ ಕಾಣ್ಲಿ!"

ಕೋರ್ಟು ದಾಮಿರಾಳಿಗೆ ಎರಡು ವರ್ಷ ಕತ್ತರಿ ಹಿಡಿಯಬಾರದೆಂದಿತು. ಆ ಎರಡು ವರ್ಷ ಜನ ಹೊಟ್ಟೆ ಹಿಡಿದುಕೊಂಡು ಘಾಟಿ ದಾಟಿ ದೂರದ ಊರಿಗೆ ಹೋದರು. ದಾರಿಯುದ್ದಕ್ಕೂ ದಾಮಿರಾಳನ್ನು ಬೈದರು. ಜಿಪಾರಳ ಮದುವೆಯಲ್ಲಿ ದಾಮಿರಾಳಿಗೇ ಮೊದಲ ಬಟ್ಟಲು ಚಹಾ ಕೊಟ್ಟವರೂ ಅವರೇ.

ದಾಮಿರಾ ಮತ್ತೆ ಕೆಲಸಕ್ಕೆ ಬಂದ ದಿನ ಅವಳ ಕೋಣೆಯ ಮುಂದಿನ ಬೆಂಚು ಖಾಲಿ. ಮೊದಲು ಹೋಗಲು ಯಾರಿಗೂ ಧೈರ್ಯವಿಲ್ಲ. ಹೊತ್ತೇರುವ ಹೊತ್ತಿಗೆ ಜೂರಾಕಾನ್ ಪಕ್ಕೆ ಒತ್ತಿಹಿಡಿದು ಏದುಸಿರು ಬಿಡುತ್ತ ಬಂದಳು.

"ಪಿತ್ತಕೋಶದಲ್ಲಿ ಕಲ್ಲಂತೆ. ಘಾಟಿ ಆಚೆ ಡಾಕ್ಟರ್ ಹುಡುಗ ಕೊಯ್ತೀನಿ ಅಂದ. ನೀನ್ ಬರ್ಲಿ ಅಂತ ತಡ್ಕೊಂಡಿದ್ದೆ."

ದಾಮಿರಾ ಅಳತೊಡಗಿದಳು.

"ಅಳ್ತಾ ಕೂತ್ರೆ ಕಲ್ಲು ಕರಗತ್ತಾ? ಪೆನ್ಸಿಲಿನ್ ನಂಗೂ ಆಗಲ್ಲ. ಬರ್ಕೊ."

ದಾಮಿರಾ ದೊಡ್ಡ ಅಕ್ಷರದಲ್ಲಿ ಬರೆದು ಹಾಳೆಯನ್ನು ಅವಳ ಕಡೆ ತಿರುಗಿಸಿದಳು. ಜೂರಾಕಾನ್ ಕನ್ನಡಕ ಹುಡುಕಿ ಹಾಕಿಕೊಂಡು, ಒಂದೊಂದೇ ಪದವನ್ನು ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ, ಶಾಲು ತೆಗೆದು ಹಾಸಿಗೆಯ ಮೇಲೆ ಮಲಗಿದಳು.

"ಸರಿಯಾಗಿದೆ. ಇನ್ನು ಕೊಯ್ಯಿ."