ನಿಲ್ಲಿಸುವ ಬಟನ್

ನಮ್ಮವರಿಗೆ ಅರ್ಜಿ ಬರೆಯುವುದೆಂದರೆ ಊಟಕ್ಕಿಂತ ಹೆಚ್ಚು. ಪಟ್ಟಾಭಿರಾಮ ಅಂತ ಹೆಸರು. ಕನ್ನಡನಾಡು ಬಿಟ್ಟು ಬಂದು ಇಲ್ಲಿನ ಬಾಹ್ಯಾಕಾಶ ಸಂಸ್ಥೆಯಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತರಾದ ಮೇಲೂ ಸುಮ್ಮನೆ ಕೂತವರಲ್ಲ. ನಾವಿರುವ ಸೊಸೈಟಿಯ ಲಿಫ್ಟು ಕೆಟ್ಟರೆ ಅರ್ಜಿ, ಬಸ್ ನಿಲ್ದಾಣದಲ್ಲಿ ನೆರಳಿಲ್ಲದಿದ್ದರೆ ಅರ್ಜಿ, ಪಕ್ಕದ ಕಟ್ಟಡದವರು ಬೆಳಗಿನ ಜಾವ ಡ್ರಿಲ್ಲಿಂಗ್ ಮಾಡಿದರೆ ಅರ್ಜಿ. ನಾನು ಎಷ್ಟು ಹಂಗಿಸಿದರೂ ಒಂದು ಮಾತು ಒಪ್ಪಲೇಬೇಕು, ಅವರ ಅರ್ಜಿಗಳು ಫಲಿಸುತ್ತವೆ. ಹಾಗಾಗಿ ಸಿಂಚನಾಳ ವಿಷಯಕ್ಕೆ ಅವರು ಕೈ ಹಾಕಿದಾಗ ನನಗೆ ಸಂತೋಷವೇ ಆಯಿತು.

ಸಿಂಚನಾ ನಮ್ಮ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದಾಳೆ. ಚಿತ್ರದುರ್ಗದವಳು, ಮೂವತ್ತು ದಾಟಿದೆ, ಮದುವೆಯ ಮಾತೆತ್ತಿದರೆ ನಕ್ಕುಬಿಡುತ್ತಾಳೆ. ಇಲ್ಲೇ ಸ್ಯಾಟಲೈಟ್ ಎಂಬ ಬಡಾವಣೆಯ ಒಂದು ಆಫೀಸಿನಲ್ಲಿ, ಇನ್ನೂ ಕಟ್ಟದ ಮನೆಗಳ ಚಿತ್ರ ಮಾಡುವುದು ಅವಳ ಕೆಲಸ. ನನಗೆ ತಿಳಿದಷ್ಟು ಹೇಳುತ್ತೇನೆ. ಕಟ್ಟಡವನ್ನು ಮೊದಲು ಕಂಪ್ಯೂಟರಿನ ಒಂದು ತಂತ್ರಾಂಶದಲ್ಲಿ ಗೋಡೆ, ಕಿಟಕಿ, ಮೆಟ್ಟಿಲು ಸಮೇತ ಕಟ್ಟುತ್ತಾರೆ. ಅದಕ್ಕೆ ಪ್ಲಗಿನ್ ಅಂತ ಒಂದನ್ನು ಅಂಟಿಸುತ್ತಾರೆ. ಅದು ಪಕ್ಕದ ಪರದೆಯಲ್ಲಿ ಆ ಕಟ್ಟಡಕ್ಕೆ ಬಣ್ಣ, ಬಿಸಿಲು, ನೆರಳು ತುಂಬಿ ನಿಜವಾದ ಮನೆಯ ಹಾಗೆ ತೋರಿಸುತ್ತದೆ, ಅದೂ ಆಗಿಂದಾಗಲೇ. ಇಲ್ಲಿ ಕಿಟಕಿ ಸರಿಸಿದರೆ ಅಲ್ಲಿ ಬಿಸಿಲು ಸರಿಯುತ್ತದೆ. ಬಿಸಿಲಿನ ವಿಷಯದಲ್ಲಿ ಸಿಂಚನಾಳನ್ನು ಮೀರಿಸುವವರು ಆ ಆಫೀಸಿನಲ್ಲಿ ಇಲ್ಲವಂತೆ. ಒಂದು ಸಲ ನಮ್ಮ ಹಾಲನ್ನೇ ಮಾಡಿ ತೋರಿಸಿದ್ದಳು. ಸಂಜೆಯ ಬಿಸಿಲು ಟೀಪಾಯಿಯ ಅಂಚಿನವರೆಗೆ ಬಂದು ನಿಲ್ಲುವುದನ್ನು ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ.

ಹೋದ ವರ್ಷ ಅವಳಿಗೆ ಜ್ವರ ಬಂತು. ಜ್ವರ ಇಳಿಯಿತು, ತಲೆ ತಿರುಗುವುದು ಉಳಿಯಿತು. ಒಳಗಿವಿಯ ತೊಂದರೆ, ಪೂರ್ತಿ ವಾಸಿಯಾಗುತ್ತದೆಂದು ಹೇಳಲಾಗದು ಎಂದರು ಡಾಕ್ಟರು. ನಡೆದಾಡಲು ಅಡ್ಡಿಯಿಲ್ಲ, ಆದರೆ ಕಣ್ಣೆದುರು ಚಿತ್ರ ಓಡಾಡಿದರೆ ಸಾಕು, ಹೊಟ್ಟೆ ತೊಳಸಿ ಬರುತ್ತದೆ. ಅವಳ ಅನ್ನ ಇರುವುದೇ ಓಡಾಡುವ ಚಿತ್ರದಲ್ಲಿ. ಹಣೆಬರಹ ಎನ್ನುವುದು ಇಂಥದ್ದಕ್ಕೇ.

ಆದರೂ ಅವಳು ಕೆಲಸ ಮಾಡುತ್ತಿದ್ದಳು, ಒಂದು ಬಟನ್ ಇದ್ದದ್ದರಿಂದ. ಅವರ ಆಫೀಸಿನ ಹಳೆಯ ತಂತ್ರಾಂಶದಲ್ಲಿ ಆ ಪ್ಲಗಿನ್ನಿಗೆ ನಿಲ್ಲಿಸುವ ಬಟನ್ ಇತ್ತು. ಒತ್ತಿದರೆ ಪಕ್ಕದ ಚಿತ್ರ ಇದ್ದಲ್ಲೇ ನಿಲ್ಲುತ್ತದೆ. ನೀವು ಗೋಡೆ, ಕಿಟಕಿಯ ಕೆಲಸವೆಲ್ಲ ಮುಗಿಸಿ ಮತ್ತೆ ಒತ್ತಿದರೆ, ಓಡಾಟವಿಲ್ಲದೆ ಒಂದೇ ಸಲಕ್ಕೆ ಹೊಸ ಚಿತ್ರ ಬರುತ್ತದೆ. ಆಮೇಲೆ ಸೂರತ್ತಿನಿಂದ ಒಬ್ಬ ದೊಡ್ಡ ಬಿಲ್ಡರು ಬಂದ. ಅವನ ಕಡೆಯವರೆಲ್ಲ ಬಳಸುವುದು ಬೇರೆ ತಂತ್ರಾಂಶ, ಇವರೂ ಅದನ್ನೇ ಬಳಸಬೇಕೆಂದ. ಪ್ಲಗಿನ್ ಅದೇ ಕಂಪನಿಯದು, ಆದರೆ ಆ ತಂತ್ರಾಂಶದಲ್ಲಿ ಅದಕ್ಕೆ ನಿಲ್ಲಿಸುವ ಬಟನ್ ಇಲ್ಲ. ಇಲಿ ಅಲುಗಿದರೆ, ಅಂದರೆ ಕೈಯ ಮೌಸ್ ಅಲುಗಿದರೆ, ಇಡೀ ಮನೆ ಅಲುಗುತ್ತದೆ. ಪರದೆಯನ್ನೇ ಮುಚ್ಚಿಬಿಡೋಣ ಎಂದರೆ, ಅಷ್ಟು ದೊಡ್ಡ ಕಟ್ಟಡ ಮತ್ತೆ ತೆರೆದುಕೊಳ್ಳುವಷ್ಟರಲ್ಲಿ ಅಡುಗೆ ಮಾಡಿ ಮುಗಿಸಬಹುದು.

ಅಲ್ಲಿಂದ ಅವಳು ಸಂಜೆ ಮನೆಗೆ ಬರುವ ರೀತಿಯೇ ಬದಲಾಯಿತು. ಆಟೋ ಇಳಿದು ಕಾಂಪೌಂಡು ಗೋಡೆ ಹಿಡಿದು ನಿಲ್ಲುತ್ತಿದ್ದಳು. ಮೇಲೆ ಹತ್ತುವ ಮೊದಲು ನಮ್ಮ ಹಾಲಿನ ನೆಲದ ಮೇಲೆ ಕಣ್ಣು ಮುಚ್ಚಿ ಮಲಗುತ್ತಿದ್ದಳು. ನೆಲ ತಣ್ಣಗಿದೆ ಆಂಟಿ, ಅಲ್ಲಾಡಲ್ಲ, ಎನ್ನುತ್ತಿದ್ದಳು. ನಾನು ಮಜ್ಜಿಗೆ ಇಟ್ಟರೆ ಅರ್ಧ ಕುಡಿದು ಹಾಗೇ ಬಿಡುತ್ತಿದ್ದಳು. ಆಫೀಸಿನ ಯಜಮಾನ ಧ್ರುಮಿಲ್‌ಭಾಯ್ ಕೆಟ್ಟವನಲ್ಲ. ಉತ್ತರಾಯಣದ ಹಬ್ಬದವರೆಗೆ, ಅಂದರೆ ನಮ್ಮ ಸಂಕ್ರಾಂತಿಯವರೆಗೆ, ನೋಡೋಣ, ಆಮೇಲೂ ಆಗದಿದ್ದರೆ ಬಾಗಿಲ ಹತ್ತಿರದ ಮೇಜಿನಲ್ಲಿ ಕೂತು ಆಫೀಸಿಗೆ ಬರುವ ಫೋನು ತೆಗೆದುಕೊ, ನಿನ್ನನ್ನು ಬೀದಿಗೆ ಬಿಡುವುದಿಲ್ಲ ಎಂದಿದ್ದ. ಅವನ ಮಟ್ಟಿಗೆ ಅದು ಔದಾರ್ಯ. ಅದನ್ನು ನನಗೆ ಹೇಳುವಾಗ ಅವಳು ಅತ್ತಳು.

ಆ ಪ್ಲಗಿನ್ ಕಂಪನಿಯವರದು ಒಂದು ಜಾಲತಾಣವಿದೆ. ಬಳಸುವವರು ತಮಗೆ ಬೇಕಾದ್ದನ್ನು ಅಲ್ಲಿ ಬರೆಯಬೇಕು, ಉಳಿದವರು ಓಟು ಹಾಕಬೇಕು, ಹೆಚ್ಚು ಓಟು ಬಿದ್ದದ್ದನ್ನು ಕಂಪನಿಯವರು ನೋಡುತ್ತಾರೆ. ಸಿಂಚನಾ ಬರೆದಿದ್ದಳು: ಆ ತಂತ್ರಾಂಶದಲ್ಲಿರುವ ನಿಲ್ಲಿಸುವ ಬಟನ್ ದಯವಿಟ್ಟು ಇದರಲ್ಲೂ ಕೊಡಿ, ನನಗೆ ತಲೆ ತಿರುಗುವ ಕಾಯಿಲೆ ಇದೆ. ತಿಂಗಳುಗಟ್ಟಲೆ ಕಳೆದರೂ ಹತ್ತು ಓಟು ಬೀಳಲಿಲ್ಲ. ಹುಲ್ಲು ಗಾಳಿಗೆ ಇನ್ನಷ್ಟು ಚೆನ್ನಾಗಿ ತೂಗಬೇಕು ಎಂದು ಕೇಳಿದವನಿಗೆ ಸಾವಿರಾರು ಬಿದ್ದಿದ್ದವು. ನಿಮ್ಮ ಸಲಹೆಗೆ ಧನ್ಯವಾದ ಎಂದು ಕಂಪನಿ ಉತ್ತರಿಸಿತ್ತು, ಅಷ್ಟೆ.

ಬಿದ್ದ ಓಟುಗಳಲ್ಲಿ ಒಂದು ವಡೋದರಾದ ಭರತೇಶನದು. ಬೆಳಗಾವಿ ಕಡೆಯವನು, ಮನೆಯಿಂದಲೇ ಇದೇ ಕೆಲಸ ಮಾಡುತ್ತಾನೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದಾಗಿನಿಂದ ಅವನಿಗೂ ಇದೇ ಪಾಡು. ಅವಳ ಹೆಸರು ನೋಡಿ ಕನ್ನಡದಲ್ಲಿ ಬರೆದಿದ್ದನಂತೆ; ಆಮೇಲೆ ಫೋನಿನಲ್ಲಿ ಮಾತು ಬೆಳೆಯಿತು. ಒಬ್ಬರನ್ನೊಬ್ಬರು ನೋಡಿಲ್ಲ. ಅವನ ಕೆಲಸ ಹಳೆಯ ತಂತ್ರಾಂಶದಲ್ಲೇ, ಹಾಗಾಗಿ ಅವನು ಬಚಾವ್ ಆಗಿದ್ದ.

ಇದನ್ನೆಲ್ಲ ಕೇಳಿದ ನಮ್ಮವರು ಅವಳ ಬರಹವನ್ನು ಓದಿ ತಲೆಯಾಡಿಸಿದರು.

"ನೋಡಮ್ಮಾ, ನನಗೆ ಕಾಯಿಲೆ, ನನಗೆ ಕೊಡಿ ಅಂದ್ರೆ ಯಾರೂ ಕೊಡಲ್ಲ. ಆಫೀಸಲ್ಲಿ ನನ್ನ ರೂಮಿಗೆ ಕೂಲರ್ ಬೇಕು ಅಂತ ಎರಡು ಬೇಸಿಗೆ ಕೇಳಿದೆ, ಸಿಗಲಿಲ್ಲ. ಎಲ್ಲಾ ರೂಮಿಗೂ ಒಂದೇ ಸೌಕರ್ಯ ಇರ್ಬೇಕು ಅಂತ ಬರೆದೆ, ತಿಂಗಳೊಳಗೆ ಬಂತು. ನೀತಿಯ ಪ್ರಶ್ನೆ ಎತ್ತಬೇಕು."

ಹಾಗೆಂದು ಕೂತು ಬರೆದರು. ಸರ್ಕಾರಿ ಇಂಗ್ಲಿಷು, ಒಂದು ಅಲ್ಪವಿರಾಮ ಆಚೀಚೆ ಇಲ್ಲ. ಒಂದೇ ಪ್ಲಗಿನ್ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ರೀತಿ ವರ್ತಿಸುವುದು ಬಳಕೆದಾರರಿಗೆ ಮಾಡುವ ತಾರತಮ್ಯ. ಆದಕಾರಣ ಎಲ್ಲ ಮಾಡೆಲಿಂಗ್ ತಂತ್ರಾಂಶಗಳಲ್ಲೂ ಅದು ಏಕರೂಪವಾಗಿರತಕ್ಕದ್ದು. ಉದಾಹರಣೆಗೆ ನಿಲ್ಲಿಸುವ ಬಟನ್ ಕೆಲವದರಲ್ಲಿದೆ, ಕೆಲವದರಲ್ಲಿಲ್ಲ. ಸಿಂಚನಾ ಓದಿ, ಅಂಕಲ್, ಇದರ ಮುಂದೆ ನನ್ನದು ಮಗು ಅತ್ತ ಹಾಗಿತ್ತು ಎಂದಳು. ನಮ್ಮವರು ಎರಡು ದಿನ ಎದೆಯುಬ್ಬಿಸಿಕೊಂಡು ಓಡಾಡಿದರು. ಭರತೇಶನೂ ಓದಿ, ಇದಕ್ಕೂ ಓಟು ಹಾಕಿದ.

ದಸರೆಯ ಹೊತ್ತಿಗೆ ಮಣಿನಗರದಲ್ಲಿ ನಮ್ಮ ಕನ್ನಡ ಬಳಗದ ಕೂಟವಿತ್ತು. ಊಟಕ್ಕೆ ಮೊದಲು ನಮ್ಮವರು ಮೈಕ್ ಹಿಡಿದರು. ಊಟಕ್ಕೆ ಮೊದಲು ಏಕೆಂದರೆ ಆಮೇಲೆ ಯಾರೂ ಕೂರುವುದಿಲ್ಲ ಎಂಬುದು ಅವರಿಗೆ ಗೊತ್ತು. ನಿವೃತ್ತ ವಿಜ್ಞಾನಿಗಳು, ಬ್ಯಾಂಕಿನವರು, ಅವರ ಹೆಂಡಂದಿರು, ಕನ್ನಡ ಬರದೆ ಹಿಂದಿಯಲ್ಲಿ ಪಿಸುಗುಟ್ಟುವ ಮೊಮ್ಮಕ್ಕಳು, ಎಲ್ಲರೂ ಫೋನು ತೆಗೆದು ಓಟು ಹಾಕಿದರು. ಪ್ಲಗಿನ್ ಎಂದರೆ ಇಸ್ತ್ರಿಪೆಟ್ಟಿಗೆಯದೋ ಎಂದು ಕೇಳಿದ ಕಮಲಾಕ್ಷಿಯೂ ಹಾಕಿದಳು. ಒಬ್ಬೊಬ್ಬರೂ ತಮ್ಮ ತಮ್ಮ ಹಳೆಯ ಸಂಸ್ಥೆಗಳ ವಾಟ್ಸಾಪ್ ಗುಂಪಿಗೆ ಕಳಿಸಿದರು. ಹಬ್ಬ ಮುಗಿಯುವಷ್ಟರಲ್ಲಿ ನಮ್ಮ ಅರ್ಜಿ ಹುಲ್ಲಿನ ಹತ್ತಿರ ಹತ್ತಿರ ಬಂದಿತ್ತು. ಒಂದು ದಿನ ಅದರ ಪಕ್ಕದಲ್ಲಿ, ಕೈಗೆತ್ತಿಕೊಂಡಿದ್ದೇವೆ, ಎಂದು ಕಾಣಿಸಿತು. ಆ ಸಂಜೆ ಸಿಂಚನಾ ನೆಲದ ಮೇಲೆ ಮಲಗಲಿಲ್ಲ. ಸೋಫಾದಲ್ಲಿ ಕೂತು ಮಜ್ಜಿಗೆ ಪೂರ್ತಿ ಕುಡಿದಳು.

ಆ ಭರವಸೆಯಲ್ಲೇ ಸೂರತ್ತಿಗೂ ಹೋಗಿಬಂದಳು. ಬಿಲ್ಡರು ತನ್ನ ಕಟ್ಟಡದೊಳಗೆ ದೊಡ್ಡ ಪರದೆಯಲ್ಲಿ ನಡೆದಾಡಬೇಕೆಂದು ಹಟ ಹಿಡಿದಿದ್ದ, ನಡೆಸುವವಳು ಇವಳು. ಮಾತ್ರೆ ನುಂಗಿ, ಕುರ್ಚಿಯ ಕೈ ಬಿಗಿಯಾಗಿ ಹಿಡಿದು, ಇಡೀ ಕಟ್ಟಡ ಸುತ್ತಿಸಿದಳಂತೆ. ಆಮೇಲೆ ಶೌಚಾಲಯದಲ್ಲಿ ಬಾಗಿ ನಿಂತಿದ್ದಾಗ ಹೊರಗಿನಿಂದ ಅವನ ಮಾತು ಕೇಳಿಸಿತಂತೆ. ಹುಡುಗಿ ಚೆನ್ನಾಗಿ ಮಾಡಿದ್ದಾಳೆ, ಮರಗಳು ಮಾತ್ರ ಇನ್ನೂ ಸ್ವಲ್ಪ ಅಲ್ಲಾಡಲಿ ಎಂದನಂತೆ. ರೈಲಿನಲ್ಲಿ ವಡೋದರಾ ದಾಟುವಾಗ ಭರತೇಶನಿಗೆ ಫೋನ್ ಮಾಡಿ ಅತ್ತಳೆಂದು ಆಮೇಲೆ ನನಗೆ ಹೇಳಿದಳು. ಇನ್ನು ಸ್ವಲ್ಪ ದಿನ, ಬಟನ್ ಬರುತ್ತದೆ ಎಂದು ಅವನು ಸಮಾಧಾನ ಮಾಡಿದ್ದ.

ಉತ್ತರಾಯಣಕ್ಕೆ ವಾರವಿರುವಾಗ, ಶನಿವಾರ ಬೆಳಿಗ್ಗೆ, ಓಟು ಹಾಕಿದವರಿಗೆಲ್ಲ ಮೇಲ್ ಬಂತು: ನೀವು ಬಯಸಿದ್ದು ಹೊಸ ಆವೃತ್ತಿಯಲ್ಲಿ ನೆರವೇರಿದೆ. ಮಣಿನಗರದಿಂದ ಬಳಗದ ಶೇಷಾದ್ರಿಯವರು ಫೋನ್ ಮಾಡಿದರು, ಕಮಲಾಕ್ಷಿ ಮಾಡಿದಳು, ಮುಖ ಮರೆತವರೂ ಮಾಡಿ ಅಭಿನಂದಿಸಿದರು. ನಾನು ಕೇಸರಿಬಾತು ಮಾಡಿದೆ. ನಮ್ಮವರು ಇಸ್ತ್ರಿಯ ಷರಟು ಹಾಕಿಕೊಂಡರು, ಮೇಲಿನ ಮಹಡಿಗೆ ಹೋಗಲು.

ಬಾಗಿಲು ತೆರೆದೇ ಇತ್ತು. ಸಿಂಚನಾ ಮೇಜಿನ ಮುಂದೆ ಕೂತಿದ್ದಳು. ಒಂದು ಕೈಯಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು. ಪರದೆಯಲ್ಲಿ ಮರಗಳು ತೂಗುತ್ತಿದ್ದವು. ಬಟನ್ ಎಲ್ಲಮ್ಮಾ ಎಂದು ನಮ್ಮವರು ಕೇಳಿದರು. ಅವಳು ಕಂಪನಿಯ ಟಿಪ್ಪಣಿಯನ್ನು ತೆರೆದು ಅವರತ್ತ ತಿರುಗಿಸಿದಳು. ಅವರು ಗಟ್ಟಿಯಾಗಿ ಓದತೊಡಗಿ ಮಧ್ಯದಲ್ಲಿ ನಿಲ್ಲಿಸಿದರು. ಉಳಿದದ್ದನ್ನು ನಾನೇ ಬಗ್ಗಿ ಓದಿಕೊಂಡೆ. ಬಳಕೆದಾರರ ಬೇಡಿಕೆಯಂತೆ ಪ್ಲಗಿನ್ ಇನ್ನು ಮುಂದೆ ಎಲ್ಲ ತಂತ್ರಾಂಶಗಳಲ್ಲೂ ಏಕರೂಪವಾಗಿರುತ್ತದೆ. ಅದಕ್ಕಾಗಿ, ಕೆಲವದರಲ್ಲಿ ಮಾತ್ರ ಇದ್ದ ನಿಲ್ಲಿಸುವ ಬಟನ್ ತೆಗೆದುಹಾಕಲಾಗಿದೆ.

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅಂತ ಬೇರೆ ದಿನವಾಗಿದ್ದರೆ ನಾನು ನಮ್ಮವರನ್ನು ಚುಚ್ಚುತ್ತಿದ್ದೆ. ಅವರ ಮುಖ ನೋಡಿ ಮನಸ್ಸು ಬರಲಿಲ್ಲ. ಮತ್ತೆ ಬರೆಯೋಣ, ಇವತ್ತೇ ಬರೆಯೋಣ, ಈ ಸಲ ಸ್ಪಷ್ಟವಾಗಿ ಬರೆಯೋಣ ಎಂದು ಅವರು ತಡವರಿಸಿದರು.

"ಏನಂತ ಬರೀತೀರ ಅಂಕಲ್? ಅದರಲ್ಲಿದೆ, ಇದರಲ್ಲೂ ಕೊಡಿ ಅಂತ ಕೇಳ್ತಿದ್ವಿ. ಈಗ ತೋರಿಸೋಕೆ ಎಲ್ಲೂ ಇಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಹಗುರಾಗುತ್ತಿತ್ತು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅವಳು ಮತ್ತೆ ಕಣ್ಣು ಮುಚ್ಚಿಕೊಂಡು, ಯಾರು ನೋಡಿ ಆಂಟಿ ಎಂದಳು. ಭರತೇಶ. ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಅವನ ಹಳೆಯ ತಂತ್ರಾಂಶದಲ್ಲೂ ಬೆಳಿಗ್ಗೆಯೇ ಬಟನ್ ಮಾಯವಾಗಿತ್ತು. ಪ್ಲಗಿನ್ ಬಾಡಿಗೆಯದು, ಕಂಪನಿ ಬದಲಾಯಿಸಿದರೆ ಎಲ್ಲರದೂ ಬದಲಾಗುತ್ತದೆ, ಹಳೆಯದಕ್ಕೆ ವಾಪಸ್ಸು ಹೋಗಲು ಬಿಡುವುದಿಲ್ಲವಂತೆ. ಎರಡು ಸಲ ವಾಂತಿಯಾಯಿತು ಎಂದ. ನಮ್ಮವರು ಫೋನಿನ ಹತ್ತಿರ ಬಗ್ಗಿದರು. ನಾನು ಪಟ್ಟಾಭಿರಾಮ, ಆ ಅರ್ಜಿ ಬರೆದವನು ನಾನೇ, ತಪ್ಪು ನನ್ನದು ಎಂದರು.

"ಸರ್, ನನಗ ಬಟನ್ ಇತ್ರೀ. ನಾ ಓಟ್ ಹಾಕಬೇಕಂತ ಏನೂ ಇರ್ಲಿಲ್ಲ. ನೀವು ಬರದದ್ದು ಓದಿದೆ, ಬರೋಬ್ಬರಿ ಐತಿ ಅನಸ್ತು, ಅವ್ರಿಗೂ ಸಿಗ್ಲಿ ಅಂತ ಹಾಕಿದೆ. ಸೋಮವಾರದಿಂದ ನಾ ಏನ್ ಮಾಡ್ಲಿ, ಹೇಳ್ರಿ."

ಊರಿನ ಎಲ್ಲದಕ್ಕೂ ಪರಿಹಾರ ಬರೆದುಕೊಟ್ಟ ಮನುಷ್ಯ ಜೇಬಿನ ಪೆನ್ನು ತೆಗೆದು ಮತ್ತೆ ಅಲ್ಲೇ ಇಟ್ಟರು. ಸಿಂಚನಾ ತಡಕಾಡಿ ಫೋನನ್ನು ತನ್ನ ಕಡೆ ಎಳೆದುಕೊಂಡಳು.

"ನನಗೂ ಗೊತ್ತಿಲ್ಲ ಭರತೇಶ್," ಎಂದಳು.

ಆಮೇಲೆ ಅವರಿಬ್ಬರೂ ಫೋನು ಇಡಲಿಲ್ಲ. ಆ ಕಡೆಯಿಂದ ಅವನ ಉಸಿರು ಕೇಳುತ್ತಿತ್ತು. ನಾನು ನಮ್ಮವರ ತೋಳು ಹಿಡಿದು ಕೆಳಗೆ ಕರೆದುಕೊಂಡು ಬಂದೆ.