ಎರಡನೆಯ ಕೂಗಿಗೆ ಕಾದವನು

ಕಲ್ಲುಕ್ವಾರಿಯಲ್ಲಿ ಮದ್ದು ಸಿಡಿಸುವ ಮೇಸ್ತ್ರಿ ಹದಿನೆಂಟು ವರ್ಷ ಒಂದೇ ಕ್ರಮವನ್ನು ಪಾಲಿಸಿಕೊಂಡು ಬಂದಿದ್ದ. ಕುಳಿಗಳಿಗೆ ಮದ್ದು ತುಂಬಿದ ಮೇಲೆ, ಬೆಂಕಿ ಇಡುತ್ತೇನೆ, ದೂರ ಹೋಗಿ ಎಂದು ಮೂರು ಸಲ ಕೂಗುತ್ತಿದ್ದ. ಮೊದಲ ಕೂಗು ದೇಶದಲ್ಲಿ ಹೆಚ್ಚು ಜನ ಆಡುವ ಭಾಷೆಯಲ್ಲಿ. ಎರಡನೆಯದು ತನ್ನವರಾದ ಗುಡ್ಡದವರ ಭಾಷೆಯಲ್ಲಿ. ಮೂರನೆಯದು ನದಿಯಾಚೆಯಿಂದ ಕೂಲಿಗೆ ಬಂದವರ ಭಾಷೆಯಲ್ಲಿ. ಕೂಗಿಗೂ ಕೂಗಿಗೂ ನಡುವೆ ಎರಡು ನಿಮಿಷ. ಮೂರನೆಯದು ಮುಗಿದ ಮೇಲೆಯೇ ಬತ್ತಿಗೆ ಬೆಂಕಿ.

ಆ ವರ್ಷ, ಹೆಚ್ಚು ಜನ ಆಡುವ ಆ ಭಾಷೆಯೊಂದೇ ದೇಶದ ಆಡಳಿತ ಭಾಷೆ ಎಂದು ಕಾನೂನಾಯಿತು. ಅದೇ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದ ಮೇಸ್ತ್ರಿಯ ಭಾವಮೈದುನ ಆ ಕಾನೂನಿಗಾಗಿ ಬೀದಿ ಬೀದಿ ಸುತ್ತಿ ಸಹಿ ಕೂಡಿಸಿದ್ದ. ಗುಡ್ಡದವನೂ ನದಿಯಾಚೆಯವನೂ ಒಂದೇ ಮಾತಿನಲ್ಲಿ ಅರ್ಜಿ ಬರೆದರೆ, ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವುದು ಯಾರಿಂದಲೂ ಆಗದು ಎಂಬುದು ಅವನ ನಂಬಿಕೆ.

"ಮನೆಗೆ ಎಷ್ಟೇ ಬಾಗಿಲಿರಲಿ, ಹೆಬ್ಬಾಗಿಲು ಒಂದೇ ಅಲ್ವಾ ಭಾವ?" ಎಂದು ಕೇಳಿದ್ದ.

"ಹೆಬ್ಬಾಗಿಲು ಇಡು, ಬೇಡ ಅಂದೋರ್ಯಾರು? ಮಿಕ್ಕ ಬಾಗಿಲಿಗೆ ಯಾಕೆ ಗೋಡೆ ಕಟ್ತೀಯ?" ಎಂದಿದ್ದ ಮೇಸ್ತ್ರಿ.

ಇಬ್ಬರೂ ಮೊದಲು ಬಾಯಿಗೊಂದು ಬೀಗ ಹಾಕಿಕೊಂಡು ಊಟಕ್ಕೆ ಏಳಿ ಎಂದು ಮೇಸ್ತ್ರಿಯ ಹೆಂಡತಿ ಗಂಡನನ್ನೂ ತಮ್ಮನನ್ನೂ ಒಟ್ಟಿಗೆ ಗದರಿದ್ದಳು.

ಕ್ವಾರಿಗೂ ಸುತ್ತೋಲೆ ಬಂತು: ಎಚ್ಚರಿಕೆಗಳೆಲ್ಲ ಆಡಳಿತ ಭಾಷೆಯಲ್ಲಿ ಮಾತ್ರ. ಹಾಗಾದರೆ ಅದನ್ನೇ ಮೂರು ಸಲ ಕೂಗಲೇ ಎಂದು ಮೇಸ್ತ್ರಿ ಸೂಪರ್‌ವೈಸರನ್ನು ಕೇಳಿದ. ಒಂದೇ ಮಾತನ್ನು ಮೂರು ಸಲ ಹೇಳೋಕೆ ಇದೇನು ಹರಾಜಾ ಎಂದು ಆತ ನಕ್ಕ. ಸುತ್ತಲಿದ್ದ ಗುಮಾಸ್ತರೂ ನಕ್ಕರು. ಮೇಸ್ತ್ರಿಗೆ ಆ ನಗೆಯನ್ನು ಎದುರಿಸುವ ಮನಸ್ಸಾಗಲಿಲ್ಲ. ಅವನ ತಪ್ಪು ಅಲ್ಲಿತ್ತು.

ಮಾರನೆಯ ದಿನ ಒಂದೇ ಸಲ ಕೂಗಿ ಬೆಂಕಿ ಇಟ್ಟ. ಬತ್ತಿ ನಾಲ್ಕು ಅಡಿ; ಅಡಿಗೆ ನಲವತ್ತು ಸೆಕೆಂಡಿನಂತೆ ನೂರ ಅರವತ್ತು. ಮರೆಯ ಗೋಡೆಗೆ ಎರಡು ನಿಮಿಷದ ನಡಿಗೆ. ಕೆಲಸದಲ್ಲಿದ್ದವರು ಮೂವತ್ತೊಂದು ಜನ. ಇಪ್ಪತ್ತೆರಡು ಮಂದಿ ಮೇಸ್ತ್ರಿ ಓಡುವುದನ್ನು ಕಂಡು ಓಡಿದರು. ಎಂಟು ಮಂದಿ ಹೊಸಬರು, ಯಾವ ಕೂಗೂ ಅರ್ಥವಾಗದವರು, ದನಿ ಕೇಳಿದೊಡನೆ ಕಾಲಿಗೆ ಬುದ್ಧಿ ಹೇಳಿದರು. ಉಳಿದವನು ಭಾವಮೈದುನ. ದೊಡ್ಡ ಬಂಡೆಯ ಹಿಂದೆ ಕೂತಿದ್ದ ಅವನಿಗೆ ಯಾರೂ ಕಾಣುತ್ತಿರಲಿಲ್ಲ. ಮೊದಲ ಕೂಗು ಎಂದಿನಂತೆಯೇ ಕೇಳಿಸಿತು. ಎಂದಿನಂತೆಯೇ, ಇನ್ನೂ ಎರಡಿವೆ ಎಂದು ಉಳಿ ಮಸೆಯುತ್ತಾ ಕುಳಿತ. ಎರಡನೆಯದು ಬಾರದಿದ್ದಾಗ ತಲೆಯೆತ್ತಿದ. ಅಷ್ಟರಲ್ಲಿ ನೂರ ಇಪ್ಪತ್ತು ಸೆಕೆಂಡು ಕಳೆದಿತ್ತು. ಉಳಿದದ್ದು ನಲವತ್ತು.

ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ವಿಚಾರಣೆಯ ಹಿಂದಿನ ದಿನ ಮೇಸ್ತ್ರಿ ಆಸ್ಪತ್ರೆಗೆ ಹೋದ. ಭಾವಮೈದುನ ಚಾವಣಿ ನೋಡುತ್ತಲೇ ಮಾತು ತೆಗೆದ.

"ನಾಳೆ ಅವರು ಏನು ಬರೆದ್ರೂ ಸಹಿ ಹಾಕಿ ಭಾವ. ನನ್ನ ಅಜಾಗರೂಕತೆ ಅಂತಲೇ ಬರ್ಕೊಳ್ಳಲಿ."

"ಅದು ಸುಳ್ಳಲ್ವೇನೋ?"

"ಕಾನೂನು ಬೇಕು ಅಂತ ಬಾಯಿ ಬಡ್ಕೊಂಡೋನು ನಾನು. ಆ ಭಾಷೆ ನನಗೆ ಚೆನ್ನಾಗಿ ಗೊತ್ತು. ಅದರಲ್ಲಿ ದೂರ ಹೋಗು ಅಂದ್ರೂ ಎರಡನೇ ಕೂಗಿಗೆ ಕಾಯ್ತಾ ಕೂತಿದ್ದೆ ಅಂತ ಹೇಗೆ ಹೇಳ್ಲಿ? ಊರು ನಗುತ್ತೆ. ಕಾಲು ಹೋಯ್ತು, ಮಾನ ಆದ್ರೂ ಇರಲಿ."

ಮೇಸ್ತ್ರಿ ಆ ರಾತ್ರಿ ಹದಿನೆಂಟು ವರ್ಷದ ಲೆಕ್ಕವನ್ನು ಮತ್ತೆ ಹಾಕಿದ. ಮೂರು ಬಗೆಯ ಜನಕ್ಕೆ ಮೂರು ಮಾತು ಎಂದುಕೊಂಡಿದ್ದ. ಅಷ್ಟು ವರ್ಷ ಜನ ಕೇಳಿದ್ದು ಮಾತನ್ನೋ, ಬರೀ ಎಣಿಕೆಯನ್ನೋ? ಯಾವ ಕೂಗು ಯಾರನ್ನು ಉಳಿಸಿತ್ತೆಂದು ಅವನಿಗೆ ಹೇಳಲು ಬರಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಕೆಟ್ಟವನೇನಲ್ಲ. ಕುರ್ಚಿ ಕೊಟ್ಟು ಕೂರಿಸಿ, ಬರೆದದ್ದನ್ನು ಓದಿ ಹೇಳಿದ: ಎಚ್ಚರಿಕೆಯನ್ನು ಕಾನೂನಿನಂತೆ ಆಡಳಿತ ಭಾಷೆಯಲ್ಲಿ ನೀಡಲಾಗಿದೆ, ಅವಘಡಕ್ಕೆ ಗಾಯಾಳುವಿನ ಅಜಾಗರೂಕತೆಯೇ ಕಾರಣ. ಸಹಿ ಹಾಕಿದರೆ ಮದ್ದಿನ ಲೈಸೆನ್ಸಿಗೆ ತೊಂದರೆಯಿಲ್ಲವೆಂದೂ ತಿಳಿಸಿದ.

"ಮೂರು ಕೂಗೋ ಕಡೆ ಒಂದೇ ಕೂಗಿದೆ, ಜನಕ್ಕೆ ಮೊದಲೇ ಹೇಳಿರಲಿಲ್ಲ. ಅದನ್ನೂ ಬರ್ಕೊಳ್ಳಿ, ಸ್ವಾಮಿ."

"ಕಾನೂನು ಕೇಳೋದು ಯಾವ ಭಾಷೆ ಅಂತ. ಎಷ್ಟು ಸಲ ಅಂತ ಕೇಳೋಲ್ಲ."

"ಹಾಗಾದ್ರೆ ಇದಕ್ಕೆ ನನ್ನ ಸಹಿ ಇಲ್ಲ."

ಅಧಿಕಾರಿ ಎರಡು ಸಲ ಬುದ್ಧಿ ಹೇಳಿ ನೋಡಿದ. ಕೊನೆಗೆ 'ಸಹಿಗೆ ನಿರಾಕರಿಸಿದ್ದಾನೆ' ಎಂದು ಬರೆದು, ಲೈಸೆನ್ಸನ್ನು ಕೇಳಿ ಪಡೆದು ಕಡತದೊಳಗೆ ಇಟ್ಟುಕೊಂಡ.

ಅಲ್ಲಿಂದ ಮೇಸ್ತ್ರಿ ನೇರವಾಗಿ ಆಸ್ಪತ್ರೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದ. ಭಾವಮೈದುನ ಕೊನೆಯವರೆಗೂ ಕೇಳಿಸಿಕೊಂಡ.

"ನಾನು ಬೇಡ ಅಂದಿದ್ದೆ," ಎಂದು ಗೋಡೆಯ ಕಡೆ ಹೊರಳಲು ನೋಡಿದ. ಒಂದೇ ಕಾಲಿನಲ್ಲಿ ಅದು ಆಗಲಿಲ್ಲ. ಮೇಸ್ತ್ರಿ ಸೊಂಟಕ್ಕೆ ಕೈಕೊಟ್ಟು ಅವನನ್ನು ಆ ಕಡೆಗೆ ಹೊರಳಿಸಿದ. ಆಮೇಲೆ ಅವನ ಬೆನ್ನ ಹಿಂದೆ ಸ್ಟೂಲಿನ ಮೇಲೆ ಕುಳಿತ.